ಬಾಯಿಮಾತಿನ ಗುತ್ತಿಗೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ?

ತುಂಗಭದ್ರಾ ಕೆಳಮಟ್ಟದ ಕಾಲುವೆಗೆ ನೀರು ಬರುವ ಹೊತ್ತಿಗೆ ಸಿರುಗುಪ್ಪ ಸೀಮೆಯಲ್ಲಿ ಎಷ್ಟೋ ಗದ್ದೆಗಳು ಬಾಯಿಮಾತಿನ ಮೇಲೆ ಕೈ ಬದಲಿಸಿರುತ್ತವೆ. ಹಿರಿಯರಿಬ್ಬರ ಎದುರು ಕೂತು ಮಾತು ಮುಗಿಸುತ್ತಾರೆ. ಎಕರೆಗೆ ಇಷ್ಟು ಚೀಲ ಭತ್ತ, ಚೀಲಕ್ಕೆ 75 ಕಿಲೋ, ಗೊಬ್ಬರ, ಎಣ್ಣೆ, ಆಳಿನ ಖರ್ಚೆಲ್ಲ ಮಾಡುವವನದು. ಮುಂಗಡ ಕೈಗೆ ಬಿದ್ದರೆ ಆಯಿತು, ಹೊಲ ಅವನದು. ಕುರುಗೋಡು ಕಡೆಯ ಮೆಣಸಿನಕಾಯಿ, ಹತ್ತಿ ಹೊಲಗಳಲ್ಲೂ ಇಂಥ ಲೀಜಿನ ಮಾತು ನಡೆಯುತ್ತದೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸಿಗೆ ಇಷ್ಟೆಂದು ಹೊಲಿಗೆ ಒಪ್ಪಿಸುವುದೂ ಬಹುಪಾಲು ಮಾತಿನ ಮೇಲೆಯೇ.

ಈ ಮಾತುಗಳಲ್ಲಿ ಕೆಲವನ್ನು ಕಾನೂನು ಎತ್ತಿ ಹಿಡಿಯುತ್ತದೆ, ಕೆಲವನ್ನು ಕೈಬಿಡುತ್ತದೆ. ಯಾವುದು ಯಾವ ಸಾಲಿಗೆ ಸೇರುತ್ತದೆಂದು ತಿಳಿಯದೆ ಕೈಸುಟ್ಟುಕೊಳ್ಳುವವನು ಸಾಮಾನ್ಯವಾಗಿ ಸ್ವಂತ ಜಮೀನಿಲ್ಲದವನು.

ಐದು ಪ್ರಶ್ನೆಗಳು

ನಮ್ಮ ಒಪ್ಪಂದಗಳನ್ನು ಇಂದಿಗೂ ಆಳುತ್ತಿರುವುದು 1872ರ ಭಾರತೀಯ ಕರಾರು ಅಧಿನಿಯಮ. ಬರೆದುಕೊಳ್ಳದಿದ್ದರೆ ಕರಾರೇ ಅಲ್ಲ ಎಂಬುದು ತಪ್ಪು ತಿಳಿವಳಿಕೆ. ಅದರ 10ನೇ ಕಲಂ ಕೇಳುವುದು ಇಷ್ಟು: ಇಬ್ಬರೂ ಮನಃಪೂರ್ವಕ ಒಪ್ಪಿದರೇ? ಇಬ್ಬರೂ ಪ್ರಾಪ್ತ ವಯಸ್ಕರೂ ಸ್ವಸ್ಥಚಿತ್ತರೂ ಆಗಿದ್ದರೇ? ಕೊಡು-ಕೊಳ್ಳುವ ಪ್ರತಿಫಲ ಇದೆಯೇ? ಉದ್ದೇಶ ಕಾನೂನುಬದ್ಧವೇ? ಇಂಥ ಒಪ್ಪಂದ ನಡೆಯದು ಎಂದು ಕಾನೂನು ಮೊದಲೇ ಸಾರಿಲ್ಲ ತಾನೇ?

ಒಪ್ಪಿಗೆಯ ಮಾತು ಬಂದಾಗ 1917ರ ಮದ್ರಾಸ್ ಹೈಕೋರ್ಟ್ ತೀರ್ಪೊಂದನ್ನು ನೆನೆಯಬೇಕು. 1953ರವರೆಗೆ ಬಳ್ಳಾರಿ ಮದ್ರಾಸಿಗೇ ಸೇರಿದ್ದರಿಂದ ಅದು ಈ ನೆಲಕ್ಕೂ ಅನ್ವಯಿಸಿದ ತೀರ್ಪು. ಗಂಡನೊಬ್ಬ ಪ್ರಾಣ ಬಿಡುತ್ತೇನೆಂದು ಹೆದರಿಸಿ ಹೆಂಡತಿ, ಮಗನಿಂದ ಆಸ್ತಿಯ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದ. ಅದು ಬಲವಂತದ ಒಪ್ಪಿಗೆ ಎಂದು ಬಹುಮತದ ತೀರ್ಪು ಬಂತು. ಮೈಮೇಲೆ ಕೈ ಮಾಡಿದರಷ್ಟೇ ಬಲವಂತ ಅಲ್ಲ ಎಂಬುದು ನೂರು ವರ್ಷಕ್ಕೂ ಹಿಂದೆಯೇ ಇತ್ಯರ್ಥವಾಗಿದೆ.

ಈ ಐದು ಪ್ರಶ್ನೆಗಳ ಎದುರು ಭತ್ತದ ಮಾರಾಟ ಗಟ್ಟಿಯಾಗಿ ನಿಲ್ಲುತ್ತದೆ. ವ್ಯಾಪಾರಿ ಉದ್ರಿಯಲ್ಲಿ ಒಯ್ದು ದುಡ್ಡು ಕೊಡದಿದ್ದರೆ ಬಾಯಿಮಾತಿನ ಮೇಲೂ ದಾವೆ ಹೂಡಬಹುದು. ತೂಕದ ಚೀಟಿ, ಲಾರಿ ನಂಬರು, ಫೋನಿನ ಮೆಸೇಜು, ಬ್ಯಾಂಕ್ ಜಮೆ ಎಲ್ಲವೂ ಸಾಕ್ಷ್ಯ. ಆದರೆ ಗಡುವು ಮೂರು ವರ್ಷ. ಅದು ಮುಗಿಯುವ ಮುನ್ನ ಬಾಕಿ ಇರುವುದು ನಿಜವೆಂದು ವ್ಯಾಪಾರಿಯಿಂದ ಬರೆಸಿ ಸಹಿ ಹಾಕಿಸಿಕೊಂಡರೆ ಆ ದಿನದಿಂದ ಹೊಸ ಲೆಕ್ಕ. ಜೀನ್ಸ್ ಹೊಲಿದವರ ಕೂಲಿ ಬಾಕಿಗೂ ಬಾಯಿಮಾತಿನ ಕರಾರು ಸಾಲುತ್ತದೆ. ಎಷ್ಟು ಪೀಸು, ಯಾವ ದರ ಎಂಬುದಕ್ಕೆ ಗುರುತು ಇಟ್ಟುಕೊಂಡಿರಬೇಕು, ಅಷ್ಟೆ.

ಗುತ್ತಿಗೆ ಬೀಳುವುದು ಎಲ್ಲಿ?

ಗದ್ದೆಯ ಗುತ್ತಿಗೆ ಎಡವುವುದು ನಾಲ್ಕನೆಯ ಪ್ರಶ್ನೆಯಲ್ಲಿ. ದೇವರಾಜ ಅರಸು ಅವರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. ಕಾನೂನು ಬೇಡವೆಂದದ್ದನ್ನು ಮಾಡುವ ಒಪ್ಪಂದ ಕರಾರು ಅಧಿನಿಯಮದ 23ನೇ ಕಲಂ ಪ್ರಕಾರ ಶೂನ್ಯ. ಬಾಂಡ್ ಪೇಪರಿನಲ್ಲಿ ಬರೆಸಿ ನೋಟರಿ ಮಾಡಿಸಿದರೂ ಅದಕ್ಕೆ ಜೀವ ಬರುವುದಿಲ್ಲ.

ಹಾಗಾದರೆ ಕೊಟ್ಟ ಮುಂಗಡ? ಶೂನ್ಯ ಒಪ್ಪಂದದಲ್ಲಿ ಪಡೆದದ್ದನ್ನು ಮರಳಿಸಬೇಕು ಎನ್ನುತ್ತದೆ 65ನೇ ಕಲಂ. ಆದರೆ 1974ರಲ್ಲೇ ಕುಜು ಕಾಲಿಯರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾನೂನುಬಾಹಿರ ಗಣಿ ಗುತ್ತಿಗೆಗೆ ಕೊಟ್ಟ ಹಣ ವಾಪಸ್ ಕೊಡಿಸಲು ಒಪ್ಪಲಿಲ್ಲ. ಒಪ್ಪಂದ ನಡೆಯದೆಂದು ಆರಂಭದಲ್ಲೇ ತಿಳಿದಿರಬೇಕಾದವರಿಗೆ ಆ ಕಲಂ ನೆರವಿಗೆ ಬಾರದು. ಇಬ್ಬರ ತಪ್ಪೂ ಸಮವಲ್ಲದಿದ್ದರೆ ಕಡಿಮೆ ತಪ್ಪಿನವನಿಗೆ ಪರಿಹಾರ ಸಿಗಬಹುದೆಂಬ ವಿನಾಯಿತಿ ಇದೆ. ಅದನ್ನು ಸಾಬೀತು ಮಾಡುವ ಹೊರೆ ಮಾತ್ರ ಮುಂಗಡ ಕಳೆದುಕೊಂಡವನ ತಲೆಯ ಮೇಲೆ.

ಭೂಸುಧಾರಣಾ ಕಾಯ್ದೆ ಉಳುವವನನ್ನು ಕಾಯಲು ಹುಟ್ಟಿದ ಕಾನೂನು. ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಅದರ ಹಿರಿಮೆ ದೊಡ್ಡದು. ಆದರೆ ಗೇಣಿ ಭೂಮಿಯ ಒಡೆತನ ಕೋರಿ ಫಾರಂ 7 ಹಾಕುವ ಗಡುವು 1979ರ ಜೂನ್ 30ಕ್ಕೇ ಮುಗಿಯಿತು. ಆಮೇಲೆ ಬಂದ ಗುತ್ತಿಗೆದಾರನಿಗೆ ಭೂಮಿಯೂ ಇಲ್ಲ, ಕರಾರೂ ಇಲ್ಲ. ಪಹಣಿಯಲ್ಲಿ ಅವನ ಹೆಸರಿಲ್ಲ. ಬ್ಯಾಂಕಿನ ಬೆಳೆಸಾಲ ಅವನಿಗೆ ದೂರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಬೆಳೆ ಕೈತಪ್ಪುವ ಆತಂಕದಲ್ಲಿತ್ತು. ಬೆಳೆ ಹಾಳಾದರೆ ಸರ್ಕಾರದ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಸಾಲ ಮಾತ್ರ ಬಿತ್ತಿದವನ ಹೆಗಲಿಗೆ.

ಗಡಿಯಾಚೆಯ ದಾರಿ

ಸಿರುಗುಪ್ಪದ ಗಡಿ ದಾಟಿದರೆ ಆಂಧ್ರ. ಅಲ್ಲಿ 2011ರಲ್ಲಿ ಗುತ್ತಿಗೆ ಸಾಗುವಳಿದಾರರಿಗೆ ಕಾರ್ಡು ಕೊಡುವ ಕಾನೂನು ಬಂತು, 2019ರಲ್ಲಿ ಅದರ ಜಾಗಕ್ಕೆ ಬೆಳೆ ಸಾಗುವಳಿದಾರರ ಹಕ್ಕುಗಳ ಕಾನೂನು ಬಂತು. ಹೊಲದವನ ಒಪ್ಪಿಗೆಯೊಂದಿಗೆ 11 ತಿಂಗಳ ಕರಾರು, ಅದರ ಮೇಲೆ ಬೆಳೆಸಾಲ, ವಿಮೆ, ಪರಿಹಾರ. ಭೂಮಿಯ ಒಡೆತನಕ್ಕೆ ಕೈ ಹಚ್ಚುವಂತಿಲ್ಲ. ಒಡೆಯರ ಒಪ್ಪಿಗೆಯೇ ಸಿಗದೆ ಅಲ್ಲೂ ಅನೇಕರು ಹೊರಗುಳಿದಿದ್ದಾರೆ. ಆದರೂ ದಾರಿಯೊಂದು ಇದೆ. ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಗಳಲ್ಲಿ ಆಚೆಯವನಿಗೆ ಕಾಗದ ಸಿಗಬಹುದು, ಈಚೆಯವನಿಗೆ ಸಿಗದು ಎಂಬುದು ನ್ಯಾಯವಲ್ಲ.

ಇಲ್ಲಿ ಕಾನೂನು ಬದಲಾಗುವವರೆಗೆ ಇಷ್ಟಾದರೂ ಆಗಲಿ: ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ, ಮಾರಿದ ಪ್ರತಿ ಚೀಲಕ್ಕೂ ಸಹಿ ಇರುವ ಚೀಟಿ ಇಟ್ಟುಕೊಳ್ಳಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ತಕರಾರು ಬಂದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ. ಇನ್ನು ವಿಧಾನಸೌಧ ಮಾಡಬೇಕಾದ ಕೆಲಸ: ಒಡೆತನಕ್ಕೆ ಧಕ್ಕೆ ತಾರದ, ವರ್ಷದೊಳಗಿನ ಸಾಗುವಳಿ ಕರಾರಿಗೆ ಮಾನ್ಯತೆ ಕೊಡುವುದು. ಹೊಲದವನಿಗೆ ಭೂಮಿ ಹೋಗುವ ಭಯ ತಪ್ಪಿದರೆ ಬಿತ್ತುವವನ ಹೆಸರು ಕಾಗದಕ್ಕೆ ಬರುತ್ತದೆ.