ಲಂಗರು ಹಾಕಿದ ದಿನಗಳು: ಕೋರ್ತೆಸ್ ಕಡಲಿನ ಹಾಯಿದೋಣಿ ದಂಪತಿಗಳು

ಮೆಕ್ಸಿಕೋ ದೇಶದ ವಾಯವ್ಯದಲ್ಲಿ, ಬಾಹಾ ಕ್ಯಾಲಿಫೋರ್ನಿಯಾ ಎಂಬ ಒಣ ಪರ್ಯಾಯದ್ವೀಪಕ್ಕೂ ದೇಶದ ಮುಖ್ಯಭೂಮಿಗೂ ನಡುವೆ ಸುಮಾರು 1,100 ಕಿಲೋಮೀಟರ್ ಉದ್ದಕ್ಕೆ ಒಳಚಾಚಿರುವ ನೀರಿಗೆ ಭೂಪಟಗಳಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿ ಎಂಬ ಹೆಸರಿದ್ದರೂ, ದೋಣಿ ನಡೆಸುವವರ ಬಾಯಲ್ಲಿ ಅದು ಇಂದಿಗೂ ಕೋರ್ತೆಸ್ ಕಡಲೇ ಆಗಿದೆ. 1535ರಲ್ಲಿ ಮುತ್ತಿನ ಆಸೆಯಿಂದ ಇಲ್ಲಿ ಬಂದಿಳಿದ ಸ್ಪೇನಿನ ದಂಡನಾಯಕ ಎರ್ನಾನ್ ಕೋರ್ತೆಸ್ ಕಟ್ಟಿದ ವಸಾಹತು ನೀರು-ಆಹಾರಗಳ ಅಭಾವದಿಂದ ಬಹುಕಾಲ ಬಾಳಲಿಲ್ಲ. ಹೆಸರು ಮಾತ್ರ ಉಳಿದುಕೊಂಡಿತು. ಈಗ ಪ್ರತಿ ವರ್ಷ ಅಕ್ಟೋಬರ್ ಮುಗಿಯುವ ಹೊತ್ತಿಗೆ ಅಮೆರಿಕ ಮತ್ತು ಕೆನಡಾಗಳ ಪಶ್ಚಿಮ ತೀರದಿಂದ ಹಾಯಿದೋಣಿಗಳು ಸಾಲುಸಾಲಾಗಿ ದಕ್ಷಿಣಕ್ಕೆ ಹೊರಟು ಈ ಕಡಲಿಗೆ ಬರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಇರುವವರು ಇಬ್ಬರೇ, ಗಂಡ ಮತ್ತು ಹೆಂಡತಿ. ಪಂದ್ಯಕ್ಕಾಗಿ ಅಲ್ಲದೆ, ದೂರ ಕ್ರಮಿಸುವ ಹಟಕ್ಕೂ ಅಲ್ಲದೆ, ದೋಣಿಯನ್ನೇ ಮನೆ ಮಾಡಿಕೊಂಡು ತೀರದಿಂದ ತೀರಕ್ಕೆ ಸಾವಕಾಶವಾಗಿ ಸಾಗುವ ಈ ಬಗೆಯ ಬದುಕಿಗೆ ಇಂಗ್ಲಿಷಿನಲ್ಲಿ ಕ್ರೂಸಿಂಗ್ ಎಂಬ ಹೆಸರಿದ್ದು, ಹಾಗೆ ಬದುಕುವವರನ್ನು ಸ್ಥಳೀಯರು ಕ್ರುಸೆರೋ ಎಂದು ಕರೆಯುತ್ತಾರೆ.

ಕ್ಯಾಲಿಫೋರ್ನಿಯಾದ ಸಾನ್ ಡಿಯಾಗೋದಿಂದ ಪರ್ಯಾಯದ್ವೀಪದ ತುದಿಯಲ್ಲಿರುವ ಕಾಬೋ ಸಾನ್ ಲೂಕಾಸ್‌ವರೆಗಿನ ಹಾದಿ ಸುಮಾರು 750 ನಾಟಿಕಲ್ ಮೈಲಿಗಳದ್ದು. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಗಂಟೆಗೆ ಅಷ್ಟು ದೂರ ಸಾಗುವ ವೇಗಕ್ಕೆ ಒಂದು ನಾಟ್ ಎನ್ನುತ್ತಾರೆ. ಮೊದಲ ಬಾರಿ ಹೊರಡುವವರಿಗೆ ಜೊತೆಯಿರಲೆಂದು 1994ರಲ್ಲಿ ಆರಂಭವಾದ ಬಾಹಾ ಹಾ-ಹಾ ಎಂಬ ಸಾಮೂಹಿಕ ಯಾತ್ರೆ ಈ ದೂರವನ್ನು ನಡುವೆ ಎರಡು ಕಡೆ ತಂಗಿ ಮುಗಿಸುತ್ತದೆ. ಭೂಶಿರವನ್ನು ಸುತ್ತಿ ಉತ್ತರಕ್ಕೆ ಮುಖ ಮಾಡಿ ಲಾ ಪಾಸ್ ಪಟ್ಟಣ ತಲುಪಿದ ಮೇಲೆ ಅವಸರಕ್ಕೆ ಕಾರಣವೇ ಉಳಿಯುವುದಿಲ್ಲ. ಲಾ ಪಾಸ್‌ನಿಂದ ಲೊರೆತೋ ಊರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಕಾರಿನವರಿಗೆ ಅದು ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಪಯಣ. ಎಸ್ಪಿರಿತು ಸಾಂತೋ ದ್ವೀಪದ ಕೆಂಬಂಡೆಯ ಕೊರಕಲುಗಳಲ್ಲಿ, ಉಪ್ಪಿನಗದ್ದೆಗಳ ಸಾನ್ ಎವಾರಿಸ್ತೋದಲ್ಲಿ, ಆಗ್ವಾ ವೆರ್ದೆಯ ಹಸಿರು ನೀರಿನಲ್ಲಿ ನಿಂತು ನಿಂತು ಹೋಗುವ ದೋಣಿಗೆ ಅದೇ ದೂರಕ್ಕೆ ಮೂರು ವಾರ ಹಿಡಿದರೆ ಯಾರೂ ಅದನ್ನು ವಿಳಂಬವೆಂದು ಎಣಿಸುವುದಿಲ್ಲ.

ಈ ನಿಧಾನವನ್ನು ಆಲಸ್ಯವೆಂದು ತಿಳಿಯುವುದು ಸುಲಭ, ಆದರೆ ಅದು ಸರಿಯಲ್ಲ. ಹಾಯಿದೋಣಿಯ ವಿರಾಮವು ಕೆಲಸವಿಲ್ಲದ ಸ್ಥಿತಿಯಲ್ಲ. ದಿನಚರಿಯನ್ನು ನಿಶ್ಚಯಿಸುವ ಅಧಿಕಾರವನ್ನು ಗಡಿಯಾರದಿಂದ ಕಿತ್ತು ಗಾಳಿಗೆ ಒಪ್ಪಿಸಿದ ಸ್ಥಿತಿ. ಹೀಗಾಗಿ ಈ ಬದುಕಿನ ಮುಖ್ಯ ವಿದ್ಯೆ ಹಾಯಿ ಬಿಚ್ಚುವುದಕ್ಕಿಂತ ಹೆಚ್ಚಾಗಿ ಕಾಯುವುದಾಗಿದೆ, ಮತ್ತು ಯಾವುದಕ್ಕಾಗಿ ಕಾಯಬೇಕೆಂದು ತಿಳಿಯಲು ಈ ಕಡಲಿನ ಗಾಳಿಗಳ ಸ್ವಭಾವವನ್ನು ಅರಿತಿರಬೇಕಾಗುತ್ತದೆ.

ನವೆಂಬರಿನಿಂದ ಮಾರ್ಚಿನವರೆಗೆ ಇಲ್ಲಿ ಆಳುವುದು ಉತ್ತರದ ಗಾಳಿ. ಅಮೆರಿಕದ ಒಳನಾಡಿನ ಗ್ರೇಟ್ ಬೇಸಿನ್ ಪ್ರದೇಶದ ಮೇಲೆ ತಣ್ಣನೆಯ, ಭಾರವಾದ ಗಾಳಿ ಶೇಖರಗೊಂಡು ಒತ್ತಡ ಏರಿದಾಗ, ಅದು ಕಡಿಮೆ ಒತ್ತಡದ ದಕ್ಷಿಣದತ್ತ ಹರಿಯತೊಡಗುತ್ತದೆ. ಎರಡೂ ಬದಿಯ ಪರ್ವತಸಾಲುಗಳು ಆ ಹರಿವನ್ನು ಕಾಲುವೆಯ ನೀರಿನಂತೆ ಕೊಲ್ಲಿಯ ಉದ್ದಕ್ಕೂ ತಳ್ಳುವುದರಿಂದ 20ರಿಂದ 30 ನಾಟ್ ವೇಗದ ಗಾಳಿ ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಬಿಡದೆ ಬೀಸುತ್ತದೆ. ತೆರೆದ ಸಾಗರದ ಅಲೆಗಳು ಎತ್ತರವಾಗಿದ್ದರೂ ಒಂದಕ್ಕೊಂದು ದೂರವಿರುವುದರಿಂದ ದೋಣಿ ಅವುಗಳನ್ನು ಏರಿ ಇಳಿಯಲು ಬಿಡುವು ಸಿಗುತ್ತದೆ. ಈ ಕಿರಿದಾದ ಕಡಲಿನಲ್ಲಿ ಏಳುವ ಅಲೆಗಳಾದರೋ ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಬಂದು ಹತ್ತು ಮೀಟರಿನ ದೋಣಿಯನ್ನು ಮತ್ತೆ ಮತ್ತೆ ನಿಲ್ಲಿಸಿಬಿಡುತ್ತವೆ. ಆದ್ದರಿಂದ ಉತ್ತರಕ್ಕೆ ಹೋಗಬೇಕಾದ ದಂಪತಿಗಳು ಬೆಟ್ಟದ ಮರೆಯ ಕೊಲ್ಲಿಯೊಂದರಲ್ಲಿ ಲಂಗರು ಹಾಕಿ, ಪುಸ್ತಕ ಓದಿ, ಬ್ರೆಡ್ಡು ಸುಟ್ಟು, ಎಂಜಿನ್ನಿನ ಎಣ್ಣೆ ಬದಲಿಸಿ, ಗಾಳಿ ಇಳಿದ ಬೆಳಿಗ್ಗೆ ಮುಂದಿನ ಮರೆಯವರೆಗೆ ಸಾಗುತ್ತಾರೆ.

ಬೇಸಗೆ ಸಮೀಪಿಸಿದಂತೆ ಲಾ ಪಾಸ್ ಸುತ್ತಮುತ್ತ ಇದಕ್ಕೆ ತದ್ವಿರುದ್ಧವಾದ ಗಾಳಿಯೊಂದು ಏಳುತ್ತದೆ. ಹಗಲಿನ ಬಿಸಿಲಿಗೆ ಕೊಲ್ಲಿಯ ಕಡೆಯ ಗಾಳಿ ಕಾದು ಮೇಲೇರಿದಾಗ, ಪೆಸಿಫಿಕ್ ಕಡೆಯ ತಂಪು ಗಾಳಿ ಪರ್ಯಾಯದ್ವೀಪದ ತಗ್ಗಾದ ಭಾಗವನ್ನು ಹಾದು ಇಳಿಸಂಜೆಗೆ ನೈಋತ್ಯದಿಂದ ನುಗ್ಗಿ ಬೆಳಗಿನವರೆಗೂ ಬೀಸುತ್ತದೆ. ಇದಕ್ಕೆ ಕೊರೊಮುಯೆಲ್ ಎಂದು ಹೆಸರು. ಕ್ರಾಮ್‌ವೆಲ್ ಎಂಬ ಕಡಲ್ಗಳ್ಳನೊಬ್ಬನ ಹೆಸರು ಸ್ಥಳೀಯರ ನಾಲಗೆಯಲ್ಲಿ ತಿರುಚಿಕೊಂಡು ಹೀಗಾಯಿತೆಂಬುದು ಐತಿಹ್ಯ. ಸುಡುಬೇಸಗೆಯಲ್ಲಿ ಪಟ್ಟಣದವರಿಗೆ ವರವಾದ ಈ ತಂಗಾಳಿಯೇ, ಪಶ್ಚಿಮಕ್ಕೆ ಬಾಯ್ತೆರೆದ ಎಸ್ಪಿರಿತು ಸಾಂತೋ ದ್ವೀಪದ ಕೊಲ್ಲಿಗಳಲ್ಲಿ ಸೂರ್ಯಾಸ್ತ ಸವಿದು ಮಲಗಿದವರನ್ನು ನಡುರಾತ್ರಿ ತೊಟ್ಟಿಲಿನಿಂದ ಎಸೆಯುವಷ್ಟು ಅಲೆಗಳನ್ನು ತರುತ್ತದೆ. ಸಂಜೆಯ ಚೆಲುವು ನೋಡಿ ತಾಣ ಆರಿಸಬಾರದು, ರಾತ್ರಿಯ ಗಾಳಿ ನೆನೆದು ಆರಿಸಬೇಕು ಎಂಬುದನ್ನು ಹೊಸಬರು ಸಾಮಾನ್ಯವಾಗಿ ಒಂದು ನಿದ್ದೆಗೆಟ್ಟ ಇರುಳಿನ ಬೆಲೆ ತೆತ್ತು ಕಲಿಯುತ್ತಾರೆ.

ದೋಣಿವಾಸಿಗಳ ವರ್ಷದಲ್ಲಿ ಸಾಗುವ ದಿನಗಳಿಗಿಂತ ನಿಂತಿರುವ ದಿನಗಳೇ ಬಹಳ ಹೆಚ್ಚಾದ್ದರಿಂದ, ಹಾಯಿಗಿಂತ ಲಂಗರೇ ಅವರ ನಿಜವಾದ ಆಧಾರ. ಲಂಗರು ದೋಣಿಯನ್ನು ಹಿಡಿದಿಡುವುದು ತನ್ನ ತೂಕದಿಂದ ಎಂಬ ಭಾವನೆ ಸಾಮಾನ್ಯವಾಗಿದ್ದರೂ, ವಾಸ್ತವದಲ್ಲಿ ಅದು ನೇಗಿಲಿನ ಗುಳದಂತೆ ಮರಳಿನಲ್ಲಿ ಹೂತುಕೊಂಡು ಹಿಡಿಯುತ್ತದೆ, ಮತ್ತು ಎಳೆತವು ನೆಲಕ್ಕೆ ಸಮಾನಾಂತರವಾಗಿದ್ದರೆ ಮಾತ್ರ ಅದು ಹೂತೇ ಇರುತ್ತದೆ. ಎಳೆತ ಮೇಲ್ಮುಖವಾದೊಡನೆ ಕಿತ್ತು ಬರುತ್ತದೆ. ಇದಕ್ಕಾಗಿ ನೀರಿನ ಆಳಕ್ಕಿಂತ ಹಲವು ಪಟ್ಟು ಉದ್ದದ ಸರಪಳಿಯನ್ನು ಬಿಡಬೇಕಾಗುತ್ತದೆ. ಐದು ಮೀಟರ್ ಆಳ, ನೀರಿನಿಂದ ದೋಣಿಯ ಮೂತಿಗೆ ಒಂದು ಮೀಟರ್ ಎತ್ತರವಿದ್ದರೆ, ಒಟ್ಟು ಆರರ ಐದು ಪಟ್ಟು, ಅಂದರೆ 30 ಮೀಟರ್ ಸರಪಳಿ ಸಾಧಾರಣ ಗಾಳಿಗೆ ಸಾಕು. ಬಿರುಗಾಳಿಯ ಸೂಚನೆಯಿದ್ದರೆ ಏಳು ಪಟ್ಟು. ಉಬ್ಬರದಲ್ಲಿ ನೀರು ಏರುವುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಲಾ ಪಾಸ್‌ನಲ್ಲಿ ಈ ಏರಿಳಿತ ಒಂದೆರಡು ಮೀಟರ್ ಮಾತ್ರ. ಕೊಲ್ಲಿಯ ಉತ್ತರದ ತುದಿಯಲ್ಲಿ, ಕೊಲರಾಡೋ ನದಿಯ ಮುಖದ ಬಳಿ, ನೀರು ಏಳು ಮೀಟರಿಗೂ ಮೀರಿ ಏರಿಳಿಯುವುದುಂಟು.

ದಾಂಪತ್ಯದ ಪರೀಕ್ಷೆಯೂ ಲಂಗರಿನ ಬಳಿಯೇ ನಡೆಯುತ್ತದೆ. ಒಬ್ಬರು ಮೂತಿಯಲ್ಲಿ ನಿಂತು ಸರಪಳಿ ಇಳಿಸುತ್ತಿದ್ದರೆ ಇನ್ನೊಬ್ಬರು ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದಿರುತ್ತಾರೆ. ನಡುವೆ ಹತ್ತು ಹನ್ನೆರಡು ಮೀಟರ್ ದೂರ, ಎಂಜಿನ್ನಿನ ಸದ್ದು, ಎದುರು ಗಾಳಿ, ಸುತ್ತಲೂ ಕಾಫಿ ಲೋಟ ಹಿಡಿದು ನೋಡುತ್ತಿರುವ ನೆರೆದೋಣಿಗಳು. ಕೂಗಾಟದಿಂದ ಜಗಳ ಹುಟ್ಟುತ್ತದೆಂದು ಅರಿತವರು ಕೈಸನ್ನೆಗಳ ಒಂದು ಚಿಕ್ಕ ಭಾಷೆಯನ್ನು ರೂಪಿಸಿಕೊಂಡಿರುತ್ತಾರೆ. ಕಿವಿಗೆ ಹಾಕಿಕೊಂಡು ಮಾತಾಡುವ ನಿಸ್ತಂತು ಸಾಧನಗಳಿಗೆ ಈ ವಲಯದಲ್ಲಿ ಮದುವೆ ಉಳಿಸುವ ಯಂತ್ರ ಎಂಬ ಅಡ್ಡಹೆಸರೇ ಇದೆ. ಬಲ ಬೇಕಾದ ಸರಪಳಿಯ ಕೆಲಸವನ್ನು ಹೆಂಡತಿಗೆ ಬಿಟ್ಟು ಚಕ್ರದ ಹಿಂದೆ ಗಂಡ ನಿಲ್ಲುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಇದರಲ್ಲಿ ತರ್ಕಕ್ಕಿಂತ ಯಜಮಾನಿಕೆಯೇ ಹೆಚ್ಚಾಗಿರುವಂತೆ ಕಾಣುತ್ತದೆ.

ಲಾ ಪಾಸ್‌ನ ಬಂದರಿನಲ್ಲಂತೂ ಲಂಗರು ಹಾಕಿದ ಮೇಲೂ ನಿಶ್ಚಿಂತೆಯಿಲ್ಲ. ಪಟ್ಟಣದ ಎದುರಿಗೆ ಚಾಚಿಕೊಂಡಿರುವ ಎಲ್ ಮೊಗೊತೆ ಎಂಬ ಮರಳದಿಣ್ಣೆಗೂ ದಂಡೆಗೂ ನಡುವಿನ ಕಿರಿದಾದ ಹಾದಿಯಲ್ಲಿ ಉಬ್ಬರ-ಇಳಿತದ ನೀರು ರಭಸದಿಂದ ಹರಿಯುತ್ತದೆ. ಕೀಲ್ ಎಂದರೆ ದೋಣಿಯ ತಳದಿಂದ ನೀರಿನೊಳಕ್ಕೆ ಇಳಿದಿರುವ ಭಾರವಾದ ರೆಕ್ಕೆ. ಅದು ಆಳವಾಗಿರುವ ದೋಣಿ ಹರಿವಿನ ಮಾತು ಕೇಳಿದರೆ, ನೀರಿನ ಮೇಲೆ ಎತ್ತರವಾಗಿರುವ ದೋಣಿ ಗಾಳಿಯ ಮಾತು ಕೇಳುತ್ತದೆ. ಗಾಳಿ ಒಂದು ಕಡೆಗೂ ಹರಿವು ಇನ್ನೊಂದು ಕಡೆಗೂ ಎಳೆಯುವ ಹೊತ್ತಿನಲ್ಲಿ ಪ್ರತಿಯೊಂದು ದೋಣಿಯೂ ತನ್ನದೇ ದಿಕ್ಕು ಹಿಡಿದು ತಿರುಗುವುದರಿಂದ, ರಾತ್ರಿ ನೂರಡಿ ದೂರದಲ್ಲಿದ್ದ ನೆರೆಯವರು ಬೆಳಿಗ್ಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದಿರುತ್ತಾರೆ. ಪಾಶ್ಚಾತ್ಯರ ಜೋಡಿ ನೃತ್ಯವಾದ ವಾಲ್ಟ್ಸ್‌ನ ಹೆಸರನ್ನು ಸೇರಿಸಿ ಇದನ್ನು ಲಾ ಪಾಸ್ ವಾಲ್ಟ್ಸ್ ಎನ್ನುತ್ತಾರೆ.

ಬೆಳಿಗ್ಗೆ ಎಂಟಕ್ಕೆ ಅದೇ ಬಂದರಿನಲ್ಲಿ ರೇಡಿಯೋದ 22ನೇ ವಾಹಿನಿಯಲ್ಲಿ ದೋಣಿವಾಸಿಗಳ ಸಭೆ ಸೇರುತ್ತದೆ: ಯಾರು ಬಂದರು, ಯಾರು ಹೊರಟರು, ಹವಾಮಾನ ಹೇಗಿದೆ, ಉಬ್ಬರ ಎಷ್ಟು ಹೊತ್ತಿಗೆ, ಯಾರ ಪಂಪು ಕೆಟ್ಟಿದೆ. ವಿದೇಶಿಯರು ತಮ್ಮ ದೋಣಿಯಲ್ಲಿ ತಂದ ಸಾಮಾನನ್ನು ಮೆಕ್ಸಿಕೋದಲ್ಲಿ ಹಣಕ್ಕೆ ಮಾರುವಂತಿಲ್ಲವಾದ್ದರಿಂದ, ಹಳೆಯ ಹಗ್ಗವನ್ನೋ ಸೌರಫಲಕವನ್ನೋ ವಿಲೇವಾರಿ ಮಾಡುವವರು ಅದರ ಬೆಲೆಯನ್ನು ಇಷ್ಟು ತೆಂಗಿನಕಾಯಿ ಎಂದು ಹೇಳುತ್ತಾರೆ. ತೆಂಗಿನಕಾಯಿ ಎಂದರೆ ಏನೆಂಬುದು ಕೇಳುವವರಿಗೆಲ್ಲ ತಿಳಿದಿದೆ.

ಈ ಬದುಕಿಗೆ ಮಾದರಿಯಾಗಿ ಬಹಳ ಮಂದಿ ನೆನೆಯುವ ದಂಪತಿಗಳು ಲಿನ್ ಮತ್ತು ಲ್ಯಾರಿ ಪಾರ್ಡಿ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭೇಟಿಯಾದ ಇವರು ಸೆರಾಫಿನ್ ಎಂಬ, ಏಳೂವರೆ ಮೀಟರಿಗಿಂತಲೂ ತುಸು ಕಡಿಮೆ ಉದ್ದದ ಮರದ ದೋಣಿಯನ್ನು ತಮ್ಮ ಕೈಯಾರೆ ಕಟ್ಟಿ 1968ರಲ್ಲಿ ನೀರಿಗಿಳಿಸಿ, ಮರುವರ್ಷ ಮೆಕ್ಸಿಕೋ ತೀರದತ್ತ ಹೊರಟರು. ಆ ದೋಣಿಗೆ ಎಂಜಿನ್ ಇರಲಿಲ್ಲ. ಗಾಳಿ ಸತ್ತರೆ ಹುಟ್ಟು ಹಾಕಬೇಕು, ಇಲ್ಲವೇ ಕಾಯಬೇಕು. ಖುಷಿ ಇರುವವರೆಗೆ ಸಾಗೋಣವೆಂದು ಹೊರಟವರ ಪಯಣ ಹನ್ನೊಂದು ವರ್ಷ ನಡೆದು ಭೂಮಿಯನ್ನೇ ಸುತ್ತಿತು. ಸಿರಿವಂತಿಕೆಯಿಲ್ಲದ ಇವರು ದಾರಿಯುದ್ದಕ್ಕೂ ಇತರರ ದೋಣಿ ದುರಸ್ತಿ ಮಾಡಿ, ಮಾಲೀಕರಿಗೆ ದೋಣಿ ತಲುಪಿಸಿ, ಅನುಭವವನ್ನು ಬರೆದು ಖರ್ಚು ಹೊಂದಿಸಿಕೊಂಡರು. ಲ್ಯಾರಿ 2020ರಲ್ಲಿ ನ್ಯೂಜಿಲೆಂಡಿನಲ್ಲಿ ತೀರಿಕೊಂಡರು.

ಇದೇ ಕಡಲಿನ ಇನ್ನೊಂದು ಪ್ರಸಿದ್ಧ ಯಾನದಲ್ಲಿ ಹೆಂಡತಿಯ ಪಾಲು ಬೇರೆಯೇ ಆಯಿತು. ಲಾ ಪಾಸ್‌ನ ಮುತ್ತುಗಾರರ ಹಿನ್ನೆಲೆಯಲ್ಲಿ ಮುಂದೆ ಕಿರುಕಾದಂಬರಿಯೊಂದನ್ನು ಬರೆದ ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ 1940ರಲ್ಲಿ ಜೀವವಿಜ್ಞಾನಿ ಎಡ್ ರಿಕೆಟ್ಸ್ ಜೊತೆಗೂಡಿ, ಬಾಡಿಗೆಗೆ ಪಡೆದ ಮೀನುಗಾರಿಕೆಯ ದೋಣಿಯಲ್ಲಿ ಆರು ವಾರ ಇಲ್ಲಿ ಸುತ್ತಾಡಿ ತೀರದ ಜೀವಿಗಳನ್ನು ಸಂಗ್ರಹಿಸಿದರು. ಆಗಿನ ಪತ್ನಿ ಕ್ಯಾರಲ್ ಕೂಡ ಅದೇ ದೋಣಿಯಲ್ಲಿದ್ದರು. ಆದರೆ ಮರುವರ್ಷ ಪ್ರಕಟವಾದ ಯಾತ್ರಾಕಥನವನ್ನು ಓದಿದವರಿಗೆ ಅಂಥವರೊಬ್ಬರು ಅಲ್ಲಿದ್ದರೆಂಬುದೇ ತಿಳಿಯುವುದಿಲ್ಲ. ಪಾರ್ಡಿ ದಂಪತಿಗಳ ಕಥೆಯನ್ನು ಲೋಕಕ್ಕೆ ಹೇಳಿದ ಲೇಖನಿ ಮುಖ್ಯವಾಗಿ ಲಿನ್ ಅವರದೇ ಆಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ನೀರಿನ ನಡುವಿನ ಮನೆಯಲ್ಲಿ ಎಲ್ಲಕ್ಕಿಂತ ಅಮೂಲ್ಯವಾದದ್ದು ಸಿಹಿನೀರು. 400 ಲೀಟರಿನ ಟ್ಯಾಂಕು ದಿನಕ್ಕೆ 20 ಲೀಟರ್ ಖರ್ಚಾದರೆ 20 ದಿನ ಬರುತ್ತದೆ, ಮತ್ತು ಈ ಮರುಭೂಮಿಯ ತೀರದಲ್ಲಿ ಅದನ್ನು ತುಂಬಿಸುವ ನಲ್ಲಿ ನೂರು ಕಿಲೋಮೀಟರ್ ಆಚೆ ಇರಬಹುದು. ಉಪ್ಪುನೀರನ್ನು ಅಧಿಕ ಒತ್ತಡದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಸಿಹಿಗೊಳಿಸುವ ಯಂತ್ರ ಇಲ್ಲದವರು ಪಾತ್ರೆಯನ್ನು ಕಡಲ ನೀರಿನಲ್ಲೇ ಉಜ್ಜಿ, ಕೊನೆಯ ಗಲಬರಿಕೆಗೆ ಮಾತ್ರ ಟ್ಯಾಂಕಿನ ನೀರು ಮುಟ್ಟುತ್ತಾರೆ.

ಇಂಥ ಮಿತವ್ಯಯವನ್ನು ಸರಳ ಜೀವನವೆಂದು ಹೊಗಳುವ ಮುನ್ನ ಅದರ ಬುಡ ಎಲ್ಲಿದೆಯೆಂದು ನೋಡುವುದು ಒಳ್ಳೆಯದು. ವಿದೇಶಿ ದೋಣಿಗೆ ಮೆಕ್ಸಿಕೋ ಕೊಡುವ ತಾತ್ಕಾಲಿಕ ಆಮದು ಪರವಾನಗಿ ಹತ್ತು ವರ್ಷಗಳದ್ದು; ಅಮೆರಿಕ ಅಥವಾ ಕೆನಡಾದ ಪಾಸ್‌ಪೋರ್ಟ್ ಇದ್ದವರಿಗೆ 180 ದಿನಗಳವರೆಗಿನ ವಾಸಕ್ಕೆ ಮುಂಗಡ ವೀಸಾ ಬೇಡ; ಡಾಲರಿನ ಪಿಂಚಣಿ ಪೆಸೋ ಚಲಾವಣೆಯಲ್ಲಿರುವ ಊರಿನಲ್ಲಿ ಹಿಗ್ಗುತ್ತದೆ. ಪಾಂಗಾ ಎಂಬ ತೆರೆದ ದೋಣಿಯಲ್ಲಿ ನಸುಕಿಗೆ ಹೊರಡುವ ಸ್ಥಳೀಯ ಮೀನುಗಾರನಿಗೆ ಅದೇ ಉತ್ತರದ ಗಾಳಿ ಓದುವ ಬಿಡುವನ್ನಲ್ಲ, ಸಂಪಾದನೆಯಿಲ್ಲದ ದಿನವನ್ನು ತರುತ್ತದೆ. ಆದರೂ ಬ್ಯಾಟರಿಗೋ ಹಣ್ಣಿಗೋ ಬದಲಾಗಿ ಮೀನು ಕೊಟ್ಟು, ಯಾವ ಕೊಲ್ಲಿಯಲ್ಲಿ ಲಂಗರು ಹಿಡಿಯುವುದಿಲ್ಲವೆಂದು ಕೈತೋರಿಸಿ ಹೇಳಿಹೋಗುವವನೂ ಅವನೇ.

ಈ ಕಡಲಿನ 244 ದ್ವೀಪ ಹಾಗೂ ತೀರಪ್ರದೇಶಗಳನ್ನು ಯುನೆಸ್ಕೋ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2019ರಲ್ಲಿ ಅವು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿದವು. ಕಾರಣ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ವಕೀತಾ ಎಂಬ ಪುಟ್ಟ ಕಡಲಹಂದಿ, ತೊತೊವಾಬಾ ಮೀನಿಗೆ ಕದ್ದು ಹಾಕುವ ಬಲೆಗಳಲ್ಲಿ ಸಿಕ್ಕಿ ಸತ್ತು, ಹತ್ತರ ಆಸುಪಾಸಿಗೆ ಇಳಿದಿದೆ. ಅದು ಬದುಕಿರುವುದು ಉತ್ತರದ ಕದಡಿದ ನೀರಿನಲ್ಲಿ. ವಿಹಾರದ ದೋಣಿಗಳು ಅಲ್ಲಿಗೆ ಹೋಗುವುದು ಅಪರೂಪ.

ಮೇ ತಿಂಗಳ ನಡುವಿನಿಂದ ನವೆಂಬರ್ ಕೊನೆಯವರೆಗೆ ಪೂರ್ವ ಪೆಸಿಫಿಕ್‌ನಲ್ಲಿ ಚಂಡಮಾರುತಗಳ ಕಾಲ. 2014ರ ಸೆಪ್ಟೆಂಬರಿನಲ್ಲಿ ಓಡೀಲ್ ಚಂಡಮಾರುತ ಕಾಬೋ ಸಾನ್ ಲೂಕಾಸ್ ಬಳಿ ನೆಲ ಮುಟ್ಟಿ ಪರ್ಯಾಯದ್ವೀಪದ ಮೇಲೆ ಹಾದುಹೋದಾಗ, ಲಾ ಪಾಸ್‌ನಲ್ಲಿ ಅನೇಕ ದೋಣಿಗಳು ಸರಪಳಿ ಹರಿದು ದಡಕ್ಕೆ ಬಿದ್ದವು, ದೋಣಿವಾಸಿಗಳ ಪ್ರಾಣಹಾನಿಯೂ ಆಯಿತು. ಆದ್ದರಿಂದ ಬೇಸಗೆಯಲ್ಲಿ ಕೆಲವರು ಇನ್ನೂ ಉತ್ತರಕ್ಕೆ, ಬಾಹಿಯಾ ದೆ ಲೋಸ್ ಆಂಖೆಲೆಸ್ ಬಳಿಯ ಪುಯೆರ್ತೋ ಡಾನ್ ಹುವಾನ್‌ನಂಥ ಸುತ್ತಲೂ ಬೆಟ್ಟಗಳಿಂದ ಮುಚ್ಚಿದ ಕೊಲ್ಲಿಗಳ ಆಸರೆಗೆ ಹೋಗಿ, 40 ಡಿಗ್ರಿ ದಾಟುವ ಸೆಕೆಯನ್ನು ದಿನಕ್ಕೆ ಹಲವು ಬಾರಿ ನೀರಿಗಿಳಿದು ಸಹಿಸಿಕೊಳ್ಳುತ್ತಾರೆ. ಉಳಿದವರು ಕಡಲು ದಾಟಿ ಸೊನೋರಾ ರಾಜ್ಯದ ಗ್ವಾಯ್ಮಾಸ್ ಮತ್ತು ಸಾನ್ ಕಾರ್ಲೋಸ್‌ಗಳಲ್ಲಿ ದೋಣಿಯನ್ನು ನೀರಿನಿಂದೆತ್ತಿಸಿ, ಒಣ ಅಂಗಳದಲ್ಲಿ ಕಬ್ಬಿಣದ ಊರೆಗಳ ಮೇಲೆ ನಿಲ್ಲಿಸುತ್ತಾರೆ. ಆಗ ಹಾಯಿಗಳನ್ನು ಕಳಚಿ ಮಡಚಿಡಬೇಕು, ಕಿಟಕಿಗಳಿಗೆ ಹೊಳೆಯುವ ತಗಡಿನ ಹಾಳೆ ಅಂಟಿಸಬೇಕು, ಹಗ್ಗಗಳನ್ನು ಬಿಸಿಲಿನಿಂದ ಮರೆಮಾಡಬೇಕು. ಕೊನೆಯಲ್ಲಿ, ಮರುಭೂಮಿಯ ಒಣಗಾಳಿಗೆ ಒಳಗಿನ ಮರಗೆಲಸ ಸೀಳು ಬಿಡದಿರಲೆಂದು ಬಕೆಟ್ಟುಗಳಲ್ಲಿ ನೀರು ತುಂಬಿ ಕೋಣೆಯೊಳಗೆ ಇಟ್ಟು, ಬಾಗಿಲು ಹಾಕಿಕೊಂಡು ಊರಿಗೆ ಹೊರಡುತ್ತಾರೆ. ಅಕ್ಟೋಬರಿನಲ್ಲಿ ಮರಳಿ ಬರುವ ಹೊತ್ತಿಗೆ ಆ ಬಕೆಟ್ಟುಗಳು ಬರಿದಾಗಿರುತ್ತವೆ.