ಕಿವಿಮೊರೆತಕ್ಕೆ ಜೀವಸತ್ವದ ಗುಳಿಗೆ: ಲಾಭ-ನಷ್ಟದ ಲೆಕ್ಕ

ಹೊರಗೆ ಶಬ್ದವಿಲ್ಲದಿದ್ದರೂ ಕಿವಿಯೊಳಗೆ ನಿರಂತರವಾಗಿ ಸಿಳ್ಳೆಯಂತಹ ನಾದ ಕೇಳಿಸುವುದೇ ಟಿನ್ನಿಟಸ್ ಅಥವಾ ಕಿವಿಮೊರೆತ. ಗಿರಣಿ, ಫ್ಯಾಬ್ರಿಕೇಶನ್ ಶೆಡ್ಡುಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿಯುವ ಮಾಲೀಕರಿಗೂ ಕಾರ್ಮಿಕರಿಗೂ, ಇಟ್ಟಂಗಿಹಾಳವಿರಲಿ, ವಿಜಯಪುರ ನಗರವಿರಲಿ, ಇದರ ಸಂಭವ ಹೆಚ್ಚು. ಅತಿಯಾದ ಶಬ್ದವು ಒಳಗಿವಿಯ ರೋಮಕೋಶಗಳನ್ನು ನಾಶಪಡಿಸುತ್ತದೆ. ಅವು ಮತ್ತೆ ಹುಟ್ಟುವುದಿಲ್ಲ.

ಪರಿಹಾರಕ್ಕಾಗಿ ಅನೇಕರು ಬಿ-12, ಸತು, ಗಿಂಕೊ ಗುಳಿಗೆಗಳ ಮೊರೆ ಹೋಗುತ್ತಾರೆ. 2016ರಲ್ಲಿ ಪ್ರಕಟವಾದ, 53 ದೇಶಗಳ 1,788 ರೋಗಿಗಳ ಸಮೀಕ್ಷೆಯಲ್ಲಿ, ಇಂತಹ ಪೂರಕಗಳನ್ನು ಸೇವಿಸಿದವರ ಪೈಕಿ ಶೇ. 70.7ರಷ್ಟು ಜನ ಯಾವ ಪರಿಣಾಮವೂ ಆಗಲಿಲ್ಲವೆಂದರು. ಶೇ. 19ರಷ್ಟು ಜನ ಸುಧಾರಣೆಯನ್ನೂ, ಶೇ. 10.3ರಷ್ಟು ಜನ ಉಲ್ಬಣವನ್ನೂ ತಿಳಿಸಿದರು. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿಯು 2014ರ ಮಾರ್ಗಸೂಚಿಯಲ್ಲಿ, ಕಾಡುವ ಕಿವಿಮೊರೆತಕ್ಕೆ ಪೂರಕಗಳನ್ನು ಶಿಫಾರಸು ಮಾಡಬಾರದೆಂದು ಹೇಳಿದೆ.

ರಕ್ತಪರೀಕ್ಷೆಯಲ್ಲಿ ಬಿ-12 ಕೊರತೆ ಖಚಿತವಾದರೆ ಅದನ್ನು ನೀಗಿಸಿಕೊಳ್ಳುವುದು ಅವಶ್ಯ. ಆದರೆ ಪರೀಕ್ಷೆಯಿಲ್ಲದೆ ನುಂಗುವುದು ಜಮಾ ಕಾಣದ ಖರ್ಚು. ಬಿ-6 ದೀರ್ಘಕಾಲ ಅತಿಯಾದರೆ ನರಗಳಿಗೇ ಹಾನಿ. ಪೂರಕಗಳ ಲೇಬಲ್ಲಿನ ಮೇಲೆ ಔಷಧೋಪಯೋಗಕ್ಕಲ್ಲವೆಂಬ ಸೂಚನೆ ಇರುವುದನ್ನು ಗ್ರಾಹಕರು ಗಮನಿಸಬೇಕು.

ಆದ್ದರಿಂದ ಮೊದಲ ವೆಚ್ಚ ಶ್ರವಣ ಪರೀಕ್ಷೆಗೆ ಸಲ್ಲಬೇಕು. ಹಠಾತ್ತನೆ ಕಿವಿ ಮಂದವಾದರೆ ಅಥವಾ ಒಂದೇ ಕಿವಿಯಲ್ಲಿ ಮೊರೆತವಿದ್ದರೆ ವಿಳಂಬ ಸಲ್ಲದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣಾ ಸೌಲಭ್ಯವಿದೆ. ಶ್ರವಣ ಸಾಧನ, ಆಪ್ತಸಲಹೆಗಳಿಂದ ಹಲವರ ತೊಂದರೆ ತಗ್ಗುತ್ತದೆ.

ಶಬ್ದಜನ್ಯ ಕಿವುಡುತನವನ್ನು 1948ರ ಕಾರ್ಖಾನೆ ಕಾಯ್ದೆಯು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಯಂತ್ರಗಳಿಗೆ ಸಕಾಲದಲ್ಲಿ ಎಣ್ಣೆ, ಕಾರ್ಮಿಕರಿಗೆ ಕಿವಿರಕ್ಷಕ, ವರ್ಷಕ್ಕೊಮ್ಮೆ ಶ್ರವಣ ತಪಾಸಣೆ: ಉದ್ದಿಮೆದಾರರಿಗೆ ಇವೇ ನಿಜವಾದ ಹೂಡಿಕೆ.