ಕೆಟ್ಟ ಬ್ಲಾಕ್‌ಚೈನ್‌ಗೆ ತೇಪೆ ಬೇಡ

ಬಿಟ್‌ಕಾಯಿನ್ ಕೋರ್ ತಂತ್ರಾಂಶ ಓಡುತ್ತಿರುವಾಗ ಕರೆಂಟ್ ಹೋದರೆ ಅಥವಾ ಹಾರ್ಡ್‌ಡಿಸ್ಕಿನ ಕೇಬಲ್ ಕಳಚಿದರೆ, ಮತ್ತೆ ತೆರೆದಾಗ ಬ್ಲಾಕ್ ಡೇಟಾಬೇಸ್ ಕೆಟ್ಟಿದೆ, ಮೊದಲಿನಿಂದ ಕಟ್ಟಬೇಕೇ ಎಂದು ಅದು ಕೇಳಬಹುದು. ಹೌದೆನ್ನುವುದೇ ಸರಿ. ಏಕೆಂದರೆ ಅಲ್ಲಿರುವ ಮಾಹಿತಿ ಎರಡು ಬಗೆಯದು. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಈವರೆಗಿನ ವಹಿವಾಟೆಲ್ಲ ಹೆಚ್ಚೆಂದರೆ 128 ಎಂಬಿಯ ಕಡತಗಳಲ್ಲಿ ಸಾಲಾಗಿ ಸೇರುತ್ತ ಹೋಗುತ್ತದೆ. ಯಾವ ನಾಣ್ಯಗಳು ಇನ್ನೂ ಖರ್ಚಾಗಿಲ್ಲ ಎಂಬ ಪಟ್ಟಿ ‘ಚೈನ್‌ಸ್ಟೇಟ್’ ಎಂಬ ಬೇರೊಂದು ಡೇಟಾಬೇಸಿನಲ್ಲಿದೆ. ಮೊದಲನೆಯದು ಅಂಗಡಿಯ ಕಿರ್ದಿ, ಎರಡನೆಯದು ಅದರಿಂದ ಇಳಿಸಿಕೊಂಡ ಖಾತೆ. ಖಾತೆ ಎಡೆಬಿಡದೆ ಬದಲಾಗುತ್ತದೆ, ಅದರ ಬದಲಾವಣೆಗಳು ಮೊದಲು ರ‍್ಯಾಮ್‌ನಲ್ಲಿದ್ದು ಆಮೇಲೆ ಡಿಸ್ಕಿಗೆ ಇಳಿಯುತ್ತವೆ. ಹಾಗಾಗಿ ಪೆಟ್ಟು ಬೀಳುವುದೂ ಬಹುಪಾಲು ಅದಕ್ಕೇ. ಕಿರ್ದಿ ನೆಟ್ಟಗಿದ್ದರೆ ‘ರೀಇಂಡೆಕ್ಸ್‌-ಚೈನ್‌ಸ್ಟೇಟ್’ ಆಯ್ಕೆ ಖಾತೆಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಬ್ಲಾಕ್‌ಗಳ ಸೂಚಿಯೂ ಹಾಳಾಗಿದ್ದರೆ ‘ರೀಇಂಡೆಕ್ಸ್’ ಬೇಕು.

ಈ ಡೇಟಾಬೇಸ್ ಲೆವೆಲ್‌ಡಿಬಿ ಮಾದರಿಯದು, ಅದಕ್ಕೆ ದುರಸ್ತಿಯ ಸಾಧನವೇ ಇದೆಯಲ್ಲ ಎಂದು ಬಲ್ಲವರು ಕೇಳುತ್ತಾರೆ. ಇದೆ ನಿಜ, ಆದರೆ ಅದು ಸಿಕ್ಕಿದ್ದನ್ನು ಉಳಿಸಿಕೊಂಡು ಓದಲಾಗದ್ದನ್ನು ಬಿಟ್ಟುಬಿಡುತ್ತದೆ. ಬೇರೆ ಕೆಲಸಗಳಿಗೆ ಇದು ಸಾಕಾದೀತು, ಇಲ್ಲಿ ಅಪಾಯ. ಪಟ್ಟಿಯಿಂದ ಒಂದೇ ಒಂದು ನಾಣ್ಯ ಬಿಟ್ಟುಹೋದರೂ, ತಿಂಗಳುಗಳ ಬಳಿಕ ಯಾರೋ ಅದನ್ನು ಖರ್ಚುಮಾಡಿದ ದಿನ ನಿಮ್ಮ ಯಂತ್ರ ಆ ಬ್ಲಾಕನ್ನೇ ಸುಳ್ಳೆಂದು ತಳ್ಳಿ, ಉಳಿದವರಿಂದ ಬೇರ್ಪಟ್ಟು ನಿಲ್ಲುತ್ತದೆ. ಡೇಟಾಬೇಸಿನ ಒಳದೋಷ ಎಷ್ಟು ದೂರ ಮುಟ್ಟಬಲ್ಲದು ಎಂಬುದಕ್ಕೆ 2013ರ ಮಾರ್ಚ್ ಸಾಕ್ಷಿ. ಹಳೆಯ 0.7 ಆವೃತ್ತಿ ಬಳಸುತ್ತಿದ್ದ ಬರ್ಕ್ಲಿ ಡಿಬಿಯ ಮಿತಿಯೊಂದರಿಂದಾಗಿ ದೊಡ್ಡ ಬ್ಲಾಕೊಂದು ಅದಕ್ಕೆ ಜೀರ್ಣವಾಗಲಿಲ್ಲ. ಲೆವೆಲ್‌ಡಿಬಿಯ 0.8 ಆವೃತ್ತಿ ಅದನ್ನು ಒಪ್ಪಿಕೊಂಡಿತು. ಸರಪಳಿ ಹಲವು ಗಂಟೆ ಎರಡಾಗಿ ಸೀಳಿತ್ತು.

ಗೆಳೆಯರ ಚೈನ್‌ಸ್ಟೇಟನ್ನು ನಕಲು ಮಾಡಿದರೆ ಬೇಗ ಮುಗಿಯುತ್ತದೆ ಎಂಬ ಮಾತೂ ಇದೆ. ಬ್ಲಾಕ್‌ಗಳನ್ನು ಯಾರಿಂದ ತಂದರೂ ಸರಿ, ಪ್ರತಿ ಬ್ಲಾಕ್ ಹಿಂದಿನದರ ಹ್ಯಾಶ್ ಹೊತ್ತಿರುವುದರಿಂದ ತಿದ್ದಿದರೆ ತಿಳಿಯುತ್ತದೆ. ಚೈನ್‌ಸ್ಟೇಟಿಗೆ ಬ್ಲಾಕ್‌ಗಳಲ್ಲಿ ಅಂಥ ಮುದ್ರೆಯಿಲ್ಲ, ಕೊಟ್ಟವರನ್ನು ನಂಬಬೇಕಷ್ಟೆ. ಯಾರನ್ನೂ ನಂಬದೆ ತಾವೇ ಪರೀಕ್ಷಿಸಲೆಂದು ನೂರಾರು ಜಿಬಿ ಇಟ್ಟುಕೊಂಡವರು ಕೊನೆಯ ಹೆಜ್ಜೆಯಲ್ಲಿ ಆ ಪರೀಕ್ಷೆಯನ್ನೇ ಬಿಟ್ಟುಕೊಡುವುದೇಕೆ? ಮರುನಿರ್ಮಾಣಕ್ಕೆ ದಿನಗಳೇ ಹಿಡಿದಾವು, ಹಿಡಿಯಲಿ. ಮತ್ತೆ ಮತ್ತೆ ಕೆಡುತ್ತಿದ್ದರೆ ಮಾತ್ರ ರ‍್ಯಾಮ್, ಡಿಸ್ಕುಗಳನ್ನು ಮೊದಲು ಪರೀಕ್ಷಿಸಿ. ಮತ್ತು ಏನನ್ನಾದರೂ ಅಳಿಸುವ ಮುನ್ನ ಕೀಲಿಗಳಿರುವ ವಾಲೆಟ್ ಕಡತದ ಪ್ರತಿ ಬೇರೆಡೆ ಇಡಿ. ಬ್ಲಾಕ್‌ಗಳನ್ನು ಜಾಲ ಮತ್ತೆ ಕೊಡುತ್ತದೆ, ನಿಮ್ಮ ಖಾಸಗಿ ಕೀಲಿಯನ್ನು ಯಾರೂ ಕೊಡಲಾರರು.